ಹನುಮಂತಪ್ಪನ ಬಕೆಟ್ಟಿನ ಮೀನು

ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಅಂಬ್ಲಿಗೊಳ ಜಲಾಶಯದ ದಂಡೆಯಲ್ಲಿ ಗಾಳ ಹಾಕುವ ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿದೆ. ಕಳೆದ ಬೇಸಿಗೆಯಲ್ಲಿ ಜಲಚರ ಸೌಖ್ಯ ಮಂಡಳಿಯು ದಂಡೆಯ ಮೇಲೆ ಹಳದಿ ಬೋರ್ಡು ನೆಡಿಸಿದ ದಿನದಿಂದ ಅದು ಕರ್ತವ್ಯವಾಗಿದೆ. ಅದಕ್ಕೆ ಮೊದಲು, ಹಿಡಿದ ಮೀನನ್ನು ಮನೆಗೆ ಒಯ್ದು ಸಾರು ಮಾಡಿ ತಿನ್ನುವ ವಿಚಿತ್ರ ಪದ್ಧತಿ ಈ ಭಾಗದಲ್ಲಿ ಬಳಕೆಯಲ್ಲಿತ್ತು. ಬೋರ್ಡಿನ ಮೇಲೆ ನಗುವ ಮೀನಿನ ಚಿತ್ರವಿದೆ, ಕೆಳಗೆ ‘ಹಿಡಿಯಿರಿ, ನಲಿಯಿರಿ, ಬಿಡಿರಿ’ ಎಂದು ಬರೆದಿದೆ. ಚಿತ್ರ ಬರೆದವನು ಮೀನಿಗೆ ಕಣ್ಣಿನ ರೆಪ್ಪೆಗೂದಲನ್ನೂ ಬರೆದಿದ್ದಾನೆ, ನೋಡಿದವರಿಗೆ ತಿನ್ನಲು ಮನಸ್ಸಾಗಬಾರದೆಂದು.

ಉಡುತಡಿಯ ಹನುಮಂತಪ್ಪನ ಪಾಲಿಗೆ ಈ ಕರ್ತವ್ಯ ಬಂದ ಹೊತ್ತು ಸರಿಯಿರಲಿಲ್ಲ. ಹಗಲು ಗೋವಿನಜೋಳದ ಹೊಲ, ಸಂಜೆ ಅಂಬ್ಲಿಗೊಳದಲ್ಲಿ ಗಾಳ, ಹೀಗೆ ನೆಮ್ಮದಿಯಾಗಿದ್ದ ಮನುಷ್ಯ. ಅದೇ ಸಮಯಕ್ಕೆ ಮಗಳು ನಯನ ಚೊಚ್ಚಲ ಬಸುರಿಯಾಗಿ ಹಿರೇಕೆರೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಬಸುರಿಯರಿಗೆ ಮೀನಿನ ವಾಸನೆಗೆ ಓಕರಿಕೆ ಬರುವುದುಂಟು. ನಯನಳಿಗೆ ಮೀನೊಂದನ್ನು ಬಿಟ್ಟು ಲೋಕದ ಉಳಿದೆಲ್ಲ ವಾಸನೆಗೂ ಓಕರಿಕೆ ಬರುತ್ತಿತ್ತು. ಅನ್ನ ನಿಲ್ಲದು, ರೊಟ್ಟಿ ನಿಲ್ಲದು, ಮಜ್ಜಿಗೆಯೂ ನಿಲ್ಲದು. ಶಿಕಾರಿಪುರದ ಸಂತೆಯಿಂದ ತಂದ ಐಸಿನ ಮೀನನ್ನು ಅವಳು ಹೊಸ್ತಿಲು ದಾಟಲು ಬಿಡಲಿಲ್ಲ. ಅಂಬ್ಲಿಗೊಳದ ಮೀನು, ಅದೂ ಅವ್ವ ಹುಣಸೆಹುಳಿ ಹಿಂಡಿ ಮಾಡಿದ ಸಾರು, ಅದೊಂದೇ ಅವಳ ಹೊಟ್ಟೆಗೆ ಒಪ್ಪಿಗೆ. ಮಗಳ ಕೆನ್ನೆ ದಿನೇ ದಿನೇ ಒಳಗೆ ಹೋಗುತ್ತಿತ್ತು.

ಮಂಡಳಿಯ ತಾಲ್ಲೂಕು ಬಿಡುಗಡೆ ಅಧಿಕಾರಿಯಾಗಿ ಬಂದವರು ಸೊರಬದ ಕಡೆಯ ಉಮಾಮಹೇಶ್ವರ. ಅವರ ವಂಶದಲ್ಲಿ ಯಾರೂ ಮೀನು ತಿಂದಿದ್ದಿಲ್ಲ, ಮುಟ್ಟಿದ್ದಿಲ್ಲ, ಹತ್ತಿರದಿಂದ ದಿಟ್ಟಿಸಿ ನೋಡಿದ್ದೂ ಇಲ್ಲ. ಮಂಡಳಿಯು ಅವರನ್ನು ಆರಿಸಿದ್ದೇ ಈ ಕಾರಣಕ್ಕೆ. ಮೀನು ಬಲ್ಲವರನ್ನು ನೇಮಿಸಿದರೆ ಅವರಿಗೆ ಮೀನಿನ ಬಗ್ಗೆ ಒಂದು ಅಭಿಪ್ರಾಯ ಮೊದಲೇ ಇರುತ್ತದೆ, ಅದು ಆಡಳಿತಕ್ಕೆ ಒಳ್ಳೆಯದಲ್ಲ. ಉಮಾಮಹೇಶ್ವರ ಒಳ್ಳೆಯ ಮನುಷ್ಯ. ದಂಡೆಯ ಮೇಲೆ ನಿಂತು ಎಲ್ಲ ಮೀನುಗಳನ್ನೂ ‘ಅವರು’ ಎಂದೇ ಕರೆಯುತ್ತಿದ್ದರು.

ಮೊದಲ ಸಂಜೆಯೇ ಹನುಮಂತಪ್ಪನ ಗಾಳಕ್ಕೆ ಮೊಳದುದ್ದದ ಕಾಟ್ಲಾ ಬಿತ್ತು. ಕಾನೂನಿಗೆ ಹೆದರುವವನಾದ್ದರಿಂದ ಅವನು ಕೂಡಲೇ ಅಧಿಕಾರಿಗೆ ಫೋನು ಹಚ್ಚಿದ.

“ಸಾಹೇಬ್ರೆ, ಒಂದು ಮೀನು ಬಿದ್ದೈತ್ರಿ. ಬಿಟ್ಬಿಡ್ಲಾ?”

“ಅಯ್ಯೋ ಬೇಡ ಮಾರಾಯ್ರೆ!” ಉಮಾಮಹೇಶ್ವರ ಗಾಬರಿಯಾದರು. “ನಾನು ನೋಡದೆ ಬಿಟ್ಟರೆ ಅದು ಬಿಡುಗಡೆ ಅಲ್ಲ, ಪರಾರಿ ಅಂತಾಗ್ತದೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ. ಬೆಳಿಗ್ಗೆ ಹತ್ತೂವರೆ ಬಸ್ಸಿಗೆ ಬರ್ತೇನೆ, ಆಗ ಬಿಡುವಾ.”

“ಅಲ್ಲೀತನ ಎಲ್ಲಿ ಇಡ್ಲಿರಿ?”

“ನಿಮ್ಮನೇಲೇ ಇರಲಿ. ಮನೆಗೆ ಬಂದ ನೆಂಟರು ಅಂತ ತಿಳ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ.”

ಹನುಮಂತಪ್ಪನ ಹೆಂಡತಿ ವನಜಮ್ಮ ನೆಂಟರನ್ನು ಚೆನ್ನಾಗಿಯೇ ನೋಡಿಕೊಂಡಳು. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹಸಿ ಕೊಬ್ಬರಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಯನ ಎರಡು ಸಲ ಹಾಕಿಸಿಕೊಂಡು ಉಂಡು, ತವರಿಗೆ ಬಂದ ಮೇಲೆ ಮೊದಲ ಬಾರಿಗೆ ನಕ್ಕಳು.

ಬೆಳಗಾದ ಮೇಲೆ ಹನುಮಂತಪ್ಪನಿಗೆ ಹತ್ತೂವರೆ ಬಸ್ಸು ನೆನಪಾಯಿತು. ಓಡಿಹೋಗಿ ಗಾಳ ಹಾಕಿದ. ಬಿದ್ದದ್ದು ಬೆರಳುದ್ದದ ಮೀನು. ಅದನ್ನೇ ಬಕೆಟ್ಟಿಗೆ ಹಾಕಿಕೊಂಡು ದಂಡೆಯ ಮೇಲೆ ಕೈಕಟ್ಟಿ ನಿಂತ.

ಉಮಾಮಹೇಶ್ವರ ಮೊಬೈಲಿನಲ್ಲಿದ್ದ ಫೋಟೋ ನೋಡಿದರು, ಬಕೆಟ್ಟು ನೋಡಿದರು, ಮತ್ತೆ ಫೋಟೋ ನೋಡಿದರು. “ನಿನ್ನೆ ದೊಡ್ಡವರಿದ್ದ ಹಾಗೆ ಕಾಣ್ತದಲ್ಲ?”

“ಮನೆ ಬಿಟ್ಟು ಬಂದಾವಲ್ರೀ,” ಎಂದ ಹನುಮಂತಪ್ಪ, ಬಾಯಿಗೆ ಬಂದದ್ದನ್ನು. “ಕೊರಗಿ ಇಳಿದುಬಿಟ್ಟಾವ್ರಿ.”

ಉಮಾಮಹೇಶ್ವರರ ಕಣ್ಣು ಒದ್ದೆಯಾಯಿತು. ಶಿವಮೊಗ್ಗದ ಹಾಸ್ಟೆಲಿಗೆ ಸೇರಿದ ವರ್ಷ ಅವರೂ ಹೀಗೇ ಇಳಿದುಹೋಗಿದ್ದರಂತೆ. ‘ಮನೆಯ ಚಿಂತೆಯಿಂದ ಗಾತ್ರದಲ್ಲಿ ಇಳಿಕೆ, ಬಿಡುಗಡೆಯ ನಂತರ ಚೇತರಿಕೆ ನಿರೀಕ್ಷಿಸಲಾಗಿದೆ’ ಎಂದು ಮಂಡಳಿಗೆ ವರದಿ ಕಳಿಸಿದರು.

ಒಂದು ಸಲ ದಾರಿ ಆಯಿತೆಂದರೆ ಗಾಡಿ ತಾನಾಗಿ ಓಡುತ್ತದೆ. ಸಂಜೆಯ ಮೀನು ಒಲೆಗೆ, ಬೆಳಗಿನ ಮೀನು ಸರ್ಕಾರಕ್ಕೆ. ಒಂದು ದಿನ ಸಂಜೆ ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಮೀನು ಬೆಳಿಗ್ಗೆ ಕಪ್ಪಗಾಗಿ, ಮೈ ನುಣ್ಣಗಾಗಿ, ಉದ್ದನೆಯ ಮೀಸೆ ಬಿಟ್ಟುಕೊಂಡು ಬಕೆಟ್ಟಿನಲ್ಲಿ ಹೊರಳಾಡುತ್ತಿತ್ತು. ಉಮಾಮಹೇಶ್ವರ ಒಂದು ಹೆಜ್ಜೆ ಹಿಂದೆ ಸರಿದರು.

“ಹನುಮಂತಪ್ಪ, ಇದೆಂತದು? ಮೀಸೆ?”

“ಪ್ರಾಯ ಸಾಹೇಬ್ರೆ. ರಾತ್ರೋರಾತ್ರಿ ಬಂದ್ಬಿಡ್ತೈತಿ.”

“ಹೌದೌದು,” ಎಂದರು ಉಮಾಮಹೇಶ್ವರ. “ನಮ್ಮ ಅಕ್ಕನ ಮಗನಿಗೂ ಹಾಗೇ ಆಯ್ತು.”

ಮಾತಿಗೆ ಮಾತು ಬೆಳೆದು ಅವರಿಗೆ ನಯನಳ ವಿಷಯವೂ ತಿಳಿಯಿತು, ಮೀನಿನ ಭಾಗವೊಂದನ್ನು ಬಿಟ್ಟು. ಊಟ ಸೇರದ ಬಸುರಿಗೆಂದು ಅವರ ಹೆಂಡತಿ ಸುಬ್ಬಲಕ್ಷ್ಮಿ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನೇ ಕಳಿಸಿಕೊಟ್ಟರು. ನಯನ ಅದರ ಮುಚ್ಚಳ ತೆಗೆದವಳೇ ಹಿತ್ತಲಿಗೆ ಓಡಿದಳು. “ಭಾಳ ಸೇರಿತ್ರೀ ಅವಳಿಗೆ,” ಎಂದು ಹನುಮಂತಪ್ಪ ವರದಿ ಒಪ್ಪಿಸಿದ. ಇಂಥ ಸಜ್ಜನರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಅವನಿಗೆ ಬೇಸರವಾಯಿತು, ಸಂಜೆ ಮೀನು ಬೀಳುವ ತನಕ ಹಾಗೇ ಇತ್ತು.

ಅಷ್ಟರಲ್ಲಿ ಮಂಡಳಿಯ ಕೇಂದ್ರ ಕಚೇರಿಯಲ್ಲಿ ಯಾರೋ ಸಂಜೆಯ ಫೋಟೋ, ಬೆಳಗಿನ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ದನಗಳಿಗೆ ಹಾಕುವಂತೆ ಇನ್ನು ಮುಂದೆ ಪ್ರತಿ ಮೀನಿನ ಕಿವಿಗೂ ಗುರುತಿನ ಬಿಲ್ಲೆ ಹಾಕತಕ್ಕದ್ದು ಎಂದು ಆದೇಶ ಬಂತು. ಜೊತೆಗೆ ಬಿಲ್ಲೆಗಳೂ ಬಂದವು. ಉಮಾಮಹೇಶ್ವರ ಬಕೆಟ್ಟಿನ ಸುತ್ತ ಪ್ರದಕ್ಷಿಣೆ ಹಾಕುತ್ತ ಬಹಳ ಹೊತ್ತು ಕಿವಿ ಹುಡುಕಿದರು. ಬಂದ ಬಿಲ್ಲೆಯನ್ನು ವಾಪಸು ಕಳಿಸುವಂತಿಲ್ಲ, ಮೀನಿಗೆ ಕಿವಿ ಬರಿಸುವಂತಿಲ್ಲ. ಕೊನೆಗೆ ಬಿಲ್ಲೆಯನ್ನು ಬಕೆಟ್ಟಿನ ಹಿಡಿಕೆಗೆ ಕಟ್ಟಿ, ‘ಬಕೆಟ್ಟಿನ ಗುರುತನ್ನೇ ಮೀನಿನ ಗುರುತೆಂದು ಭಾವಿಸತಕ್ಕದ್ದು’ ಎಂದು ಘೋಷಿಸಿದರು. ಕೇಂದ್ರ ಕಚೇರಿ ಇದನ್ನು ಮೆಚ್ಚಿ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿತು. ಹನುಮಂತಪ್ಪನ ನೀಲಿ ಬಕೆಟ್ಟು ಅಂದಿನಿಂದ ಕಾನೂನಿನ ಕಣ್ಣಿಗೆ ಮೀನಾಯಿತು.

ಶ್ರಾವಣ ಬಂತು. ಮಳೆಗೆ ಹೊಲಗಳ ಮಣ್ಣೆಲ್ಲ ಇಳಿದು ಜಲಾಶಯದ ನೀರು ಕೆಂಪಗೆ ರಾಡಿಯಾಯಿತು. ಮೀನುಗಳು ಎತ್ತಲೋ ಸರಿದುಹೋದವು. ಬೆಳಿಗ್ಗೆ ಬಿಡಲು ಮೀನಿಲ್ಲ, ಸಂಜೆ ಬೇಯಿಸಲೂ ಇಲ್ಲ. ಬಿಡುಗಡೆ ಇಲ್ಲದಿದ್ದರೂ ಮಂಡಳಿ ತಾಳಿಕೊಂಡಿತು, ನಯನಳ ಹೊಟ್ಟೆ ತಾಳಿಕೊಳ್ಳಲಿಲ್ಲ. ಗೋಡೆ ಹಿಡಿದುಕೊಂಡು ನಡೆಯುವ ಸ್ಥಿತಿಗೆ ಬಂದಳು. ಆಗಲೇ ಉಮಾಮಹೇಶ್ವರರ ಫೋನು: “ಹನುಮಂತಪ್ಪ, ನಾಳೆ ರಾಜ್ಯ ಪರಿವೀಕ್ಷಕರು ಶ್ರೀವಾಣಿ ಮೇಡಂ ಬರ್ತಾರೆ. ನಿಮ್ಮದೇ ಬಿಡುಗಡೆ ನೋಡೋದಂತೆ. ಮೀನು ಇಲ್ಲ ಅಂದ್ರೆ ನಿಮ್ಮ ಗಾಳದ ಪರವಾನಗಿ ರದ್ದು, ನಮ್ಮ ಘಟಕವೂ ರದ್ದು. ಹೇಗಾದ್ರೂ ಮಾಡಿ ಮಾರಾಯ್ರೆ.”

ಆ ಸಂಜೆ ಕತ್ತಲಾಗುವ ಮುಂಚೆ ಒಂದು ಮೀನು ಬಿತ್ತು. ಒಂದೇ ಒಂದು. ಹನುಮಂತಪ್ಪ ಅದನ್ನು ಅಂಗಳದ ಕಟ್ಟೆಯ ಮೇಲೆ ಬಕೆಟ್ಟಿನಲ್ಲಿಟ್ಟು ಎದುರು ಕೂತ. ಇದನ್ನು ಬೇಯಿಸಿದರೆ ನಾಳೆಯಿಂದ ಗಾಳವೇ ಇಲ್ಲ, ಗಾಳವಿಲ್ಲದಿದ್ದರೆ ಮಗಳಿಗೆ ಸಾರೂ ಇಲ್ಲ. ಬೇಯಿಸದಿದ್ದರೆ ಇವತ್ತೂ ಅವಳು ಉಪವಾಸ.

“ಇಡ್ಲೋ, ಬಿಡ್ಲೋ?” ಎಂದು ಹೆಂಡತಿಯನ್ನು ಕೇಳಿದ.

“ಏನ್ರೀ ನೀವು, ಮಂಡಳಿಗೇನು ಬಯಕೆ ಆಗೇತಾ?” ಎಂದಳು ವನಜಮ್ಮ.

“ಶ್ರಾವಣ ಬೇರೆ.”

“ಬಸುರಿ ಹೊಟ್ಟೆಗೆ ಯಾವ ಶ್ರಾವಣ? ಇತ್ತ ಕೊಡ್ರಿ.”

ಒಳಗಿನಿಂದ ನಯನಳ ನರಳಿಕೆ ಕೇಳಿತು. ಹನುಮಂತಪ್ಪ ಬಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. ಪರವಾನಗಿ ಹೋದರೆ ಹೋಗಲಿ, ಮಗಳು ಇವತ್ತು ಉಣ್ಣಲಿ. ಅವಳು ತಟ್ಟೆ ನೆಕ್ಕುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ಅವನಿಗೆ ಯಾವ ಮಂಡಳಿಯ ಹೆದರಿಕೆಯೂ ಇರಲಿಲ್ಲ. ಹೆದರಿಕೆ ಬೆಳಿಗ್ಗೆ ಬಂತು, ಪರಿವೀಕ್ಷಕರ ಜೀಪಿನ ಜೊತೆಗೆ.

ದಂಡೆಯ ಮೇಲೆ ಶಾಮಿಯಾನ ಹಾಕಿತ್ತು. ಹನುಮಂತಪ್ಪ ನೀಲಿ ಬಕೆಟ್ಟಿನ ತುಂಬ ಕೆಂಪು ನೀರು ತಂದು ಇಟ್ಟ. ಉಮಾಮಹೇಶ್ವರ ಬಗ್ಗಿ ನೋಡಿದರು. ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಹನುಮಂತಪ್ಪನ ಮುಖ ನೋಡಿದರು.

“ಮಗಳು ಹೇಗಿದ್ದಾಳೆ?” ಎಂದರು, ಸಣ್ಣ ದನಿಯಲ್ಲಿ.

“ನಿನ್ನೆ ಹೊಟ್ಟೆತುಂಬ ಉಂಡ್ಳು ಸಾಹೇಬ್ರೆ.”

ಉಮಾಮಹೇಶ್ವರ ನೆಟ್ಟಗೆ ನಿಂತು ಪರಿವೀಕ್ಷಕರ ಕಡೆ ತಿರುಗಿದರು. “ಎಲ್ಲರೂ ಆರೋಗ್ಯವಾಗಿದ್ದಾರೆ ಮೇಡಂ. ಬಿಡಬಹುದು.”

ಶ್ರೀವಾಣಿ ಮೇಡಂ ಕಟ್ಟುನಿಟ್ಟಿನವರು. “ಮೀನನ್ನು ಕೈಯಲ್ಲಿ ಎತ್ತಿ ತೋರಿಸಿ,” ಎಂದರು.

“ತೋರಿಸಬಹುದು,” ಎಂದರು ಉಮಾಮಹೇಶ್ವರ. “ಆದರೆ ಇವತ್ತು ಶ್ರಾವಣ ಸೋಮವಾರ. ಎತ್ತಿದ ಮೇಲೆ ನೋಡಿದವರೂ ಸ್ನಾನ ಮಾಡಬೇಕಾ ಅನ್ನೋದು ನನಗೆ ಸರಿಯಾಗಿ ಗೊತ್ತಿಲ್ಲ.”

ಮೇಡಂ ಜಲಾಶಯದ ಕಡೆ ನೋಡಿದರು. ಸ್ನಾನಕ್ಕೆ ಬೇರೆ ಅನುಕೂಲ ಕಾಣಲಿಲ್ಲ. ಬಿಲ್ಲೆಯನ್ನು ಮಾತ್ರ ಪರಿಶೀಲಿಸಿ, ಬಿಲ್ಲೆ ಸರಿಯಿದೆಯೆಂದೂ ಬಿಲ್ಲೆ ಸರಿಯಿದ್ದ ಮೇಲೆ ಮೀನು ಸರಿಯಿರಲೇಬೇಕೆಂದೂ ತೀರ್ಮಾನಿಸಿದರು. ಹನುಮಂತಪ್ಪ ಬಕೆಟ್ಟು ಬೋರಲು ಹಾಕಿದ. ಕೆಂಪು ನೀರು ಕೆಂಪು ನೀರಿಗೆ ಸೇರಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

“ಎಷ್ಟು ಚುರುಕು!” ಎಂದು ಮೇಡಂ ಉದ್ಗರಿಸಿದರು. “ಹೋಗಿದ್ದೇ ಕಾಣಲಿಲ್ಲ!”

ಉಳಿದ ತಾಲ್ಲೂಕುಗಳಲ್ಲಿ ಅವರು ಕಂಡದ್ದು ಬೇರೆ. ಅಲ್ಲಿಯ ಪ್ರಾಮಾಣಿಕ ಗಾಳಗಾರರು ನಿಜವಾಗಿಯೂ ಮೀನನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಕೂಡಿಟ್ಟು ಬೆಳಿಗ್ಗೆ ಅಧಿಕಾರಿಯ ಬಸ್ಸು ಬರುವ ತನಕ ಕಾದು ಬಿಟ್ಟಿದ್ದರು. ಬಿಟ್ಟ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿತ್ತು. ಅಂಬ್ಲಿಗೊಳದಲ್ಲಿ ಹೊಟ್ಟೆ ಮೇಲಾದ ಮೀನು ಒಂದೂ ಇರಲಿಲ್ಲ. ಮಂಡಳಿಯು ತಜ್ಞರ ಸಮಿತಿ ನೇಮಿಸಿ ಇದರ ಗುಟ್ಟನ್ನು ಅಧ್ಯಯನ ಮಾಡಿಸಿತು. ಬಕೆಟ್ಟಿನಲ್ಲಿ ಮೀನು ಸಾಯುವುದಕ್ಕೆ ಮುಖ್ಯ ಕಾರಣ ಬಕೆಟ್ಟಿನಲ್ಲಿ ಮೀನು ಇರುವುದೇ ಎಂದು ಸಮಿತಿ ಒಮ್ಮತದಿಂದ ಕಂಡುಕೊಂಡಿತು. ಅದರ ಮೇರೆಗೆ ಹೊಸ ನಿಯಮ ಹೊರಬಿತ್ತು: ‘ಬಿಡುಗಡೆಯ ಸಂದರ್ಭದಲ್ಲಿ ಬಕೆಟ್ಟಿನೊಳಗೆ ಮೀನು ಇರತಕ್ಕದ್ದಲ್ಲ. ಮೀನನ್ನು ಹಿಡಿದವರು ತಮ್ಮ ಮಟ್ಟದಲ್ಲೇ ಸೂಕ್ತವಾಗಿ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.’

ಬಿಡಬೇಕೆನ್ನುವವರಿಗೂ ಇಟ್ಟುಕೊಳ್ಳಬೇಕೆನ್ನುವವರಿಗೂ ಇದ್ದ ಜಗಳ ಹೀಗೆ ಮುಗಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಈಗ ದಿನಾ ಹತ್ತೂವರೆಗೆ ಊರಿನವರು ಬಿಲ್ಲೆ ಕಟ್ಟಿದ ಬಕೆಟ್ಟುಗಳಲ್ಲಿ ನೀರು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಉಮಾಮಹೇಶ್ವರ ಸೀಟಿ ಊದುತ್ತಾರೆ. ಎಲ್ಲರೂ ಬಿಡುತ್ತಾರೆ. ನಯನಳ ಕೆನ್ನೆ ತುಂಬಿಕೊಂಡಿದೆ.

ಮೊನ್ನೆ ಮಾತ್ರ ಒಂದು ಅಹಿತಕರ ಘಟನೆ ನಡೆಯಿತು. ಸೊರಬದಿಂದ ಚಿನ್ಮಯ ಎಂಬ ಕಾಲೇಜು ಮೇಷ್ಟ್ರು ಗಾಳ ಹಾಕಲು ಬಂದಿದ್ದರು. ಮೀನಿನ ಮೇಲೆ ನಿಜವಾದ ಪ್ರೀತಿಯಿದ್ದ ಮನುಷ್ಯ. ದೊಡ್ಡ ಕಾಟ್ಲಾ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು, ನೋವಾಗದಂತೆ ಕೊಕ್ಕೆ ಬಿಡಿಸಿ, ಅದನ್ನು ನೇರವಾಗಿ ನೀರಿಗೆ ಇಳಿಸಲು ಬಗ್ಗಿದರು. ಸೀಟಿ ಕೇಳಿಸಿತು.

“ಎಂತ ಮಾಡ್ತಾ ಇದೀರಿ ನೀವು?” ಉಮಾಮಹೇಶ್ವರ ಓಡಿ ಬಂದರು.

“ಬಿಡ್ತಾ ಇದೀನಿ ಸರ್.”

“ಮೀನನ್ನಾ?”

ಸಾಲಿನಲ್ಲಿ ನಿಂತವರೆಲ್ಲ ಮುಖ ಮುಖ ನೋಡಿಕೊಂಡರು. ನಿಯಮಗಳನ್ನು ಮೇಷ್ಟ್ರಿಗೆ ಓದಿ ಹೇಳಲಾಯಿತು. “ಸರ್, ಕೆರೆ ಇಲ್ಲೇ ಇದೆಯಲ್ಲ!” ಎಂದು ಅವರು ವಾದಿಸಿದರು. ಕಲಿತವರು ಹೀಗೆ ಮಾತಾಡಿದ್ದು ಕೇಳಿ ಹನುಮಂತಪ್ಪನಿಗೆ ಪಾಪ ಅನ್ನಿಸಿತು.

“ಹೊಸಬ್ರು ಸಾಹೇಬ್ರೆ, ಗೊತ್ತಿಲ್ಲ ಅವರಿಗೆ,” ಎನ್ನುತ್ತ ತನ್ನ ಬಕೆಟ್ಟಿನಲ್ಲಿ ನೀರು ತುಂಬಿ ಮೇಷ್ಟ್ರ ಮುಂದಿಟ್ಟ. “ಇದನ್ನ ಬಿಡ್ರಿ. ಅದನ್ನ ಇತ್ತ ಕೊಡ್ರಿ. ಮಗಳಿಗೆ ಏಳನೇ ತಿಂಗಳು.”

ಚಿನ್ಮಯ ಬಕೆಟ್ಟಿನ ನೀರನ್ನು ಜಲಾಶಯಕ್ಕೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಮಾಮಹೇಶ್ವರ ಕೈಕುಲುಕಿ ಫೋಟೋ ತೆಗೆಸಿಕೊಂಡರು. ಮನಸ್ಸು ಏನೋ ಹಗುರಾಯಿತು ಎಂದು ಮೇಷ್ಟ್ರು ಒಪ್ಪಿಕೊಂಡರು. ಹೊರಡುವಾಗ ಹನುಮಂತಪ್ಪನ ಹತ್ತಿರ ಬಂದು, ಮುಂದಿನ ಭಾನುವಾರ ಎಂಥ ಬಕೆಟ್ಟು ತಂದರೆ ಒಳ್ಳೆಯದು ಎಂದು ವಿಚಾರಿಸಿದರು.

“ಯಾವ್ದಾದ್ರೂ ನಡೀತೈತ್ರಿ,” ಎಂದ ಹನುಮಂತಪ್ಪ, ಮೀನನ್ನು ಟವೆಲ್ಲಿಗೆ ಸುತ್ತುತ್ತ. “ಆದ್ರ ಸೋರಬಾರ್ದು. ದಾರಿಯಾಗ ಸೋರಿದ್ರ ಅದು ಪರಾರಿ ಆಗ್ತೈತಿ.”