ಗುರುಪಾದಯ್ಯನವರ ಕೆಮ್ಮು

ನಮ್ಮ ಚಿಕ್ಕಮ್ಮನಿಗೆ ಮದುವೆಯಾಗಿಲ್ಲ. ಆದರೆ ಅವಳ ಮನೆಯಲ್ಲಿ ಒಬ್ಬ ಗಂಡಸಿದ್ದಾರೆ!

ತಡೆಯಿರಿ, ಹುಬ್ಬೇರಿಸಬೇಡಿ. ಆ ಗಂಡಸು ಇಲ್ಲ. ಅವರಿಗೆ ಚಪ್ಪಲಿ ಇದೆ, ಅಂಗಿ ಇದೆ, ಕೆಮ್ಮು ಇದೆ, ಇ-ಮೇಲ್ ವಿಳಾಸ ಕೂಡ ಇದೆ. ಇಲ್ಲದಿರುವುದು ಅವರೊಬ್ಬರೇ. ಹೆಸರು ಎ. ಎ. ಗುರುಪಾದಯ್ಯ. ಚಿಕ್ಕಮ್ಮನ ಹೆಸರನ್ನು ನಾನು ಹೇಳುವುದಿಲ್ಲ, ಹೇಳಿದರೆ ಹಳೇಬೀಡಿನಿಂದ ಫೋನ್ ಬರುತ್ತದೆ. ಹಾಗಾಗಿ ಈ ಬರಹದಲ್ಲಿ ಹೆಸರಿರುವುದು ಇಲ್ಲದವರಿಗೆ ಮಾತ್ರ.

ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕಮ್ಮನ ಜೆರಾಕ್ಸ್ ಅಂಗಡಿಯಿದೆ. ಶಿಲ್ಪ ನೋಡಲು ಬಂದವರು ಗುಡಿಯ ಕಡೆ ಹೋದರೆ, ಅರ್ಜಿ ಹಾಕಲು ಬಂದವರು ಚಿಕ್ಕಮ್ಮನ ಕಡೆ ಬರುತ್ತಾರೆ. ಮಾದಿಹಳ್ಳಿ ಸುತ್ತಿನ ಅರ್ಧ ಜನರ ಪಹಣಿ, ಆಧಾರ್, ಫೋಟೊ ಎಲ್ಲ ಅವಳ ಕಂಪ್ಯೂಟರಿನಲ್ಲಿವೆ. ಒಮ್ಮೆ ಆ ಕಂಪ್ಯೂಟರ್ ಕೆಟ್ಟು ಕೂತಾಗಿನಿಂದ ಅವುಗಳ ಒಂದೊಂದು ಪ್ರತಿಯನ್ನು ದಿನಾ ಸಂಜೆ ನನ್ನ ಇ-ಮೇಲಿಗೆ ಕಳಿಸುತ್ತಾಳೆ. ನಾನು ಅರಸೀಕೆರೆಯಲ್ಲಿ ಒಂದು ಕಚೇರಿಯ ಗುಮಾಸ್ತ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಾಣಾವರದಲ್ಲಿ ಬಸ್ ಇಳಿದು ವಾಪಸ್ ಬಂದವನು. ಇಂಥ ಅಂಜುಬುರುಕನ ಕೈಯಲ್ಲಿ ಎಲ್ಲವೂ ಭದ್ರ ಎಂಬುದು ಚಿಕ್ಕಮ್ಮನ ನಂಬಿಕೆ. ಆ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಗುರುಪಾದಯ್ಯನವರು ಹುಟ್ಟಿದ್ದು ಒಂದು ಮಟಮಟ ಮಧ್ಯಾಹ್ನ. ಚಿಕ್ಕಮ್ಮ ಆಗಷ್ಟೇ ಹಳೇಬೀಡಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಊಟ ಮಾಡಿ ಅಡ್ಡಾಗಿದ್ದಾಗ ಯಾರೋ ಹೊರಗಿನಿಂದ ಚಿಲಕ ಅಲ್ಲಾಡಿಸಿದರು. ಮಾತಿಲ್ಲ, ಕರೆಯಿಲ್ಲ. ಚಿಲಕ ಮಾತ್ರ ಮೆಲ್ಲಗೆ ಮೇಲೆ, ಕೆಳಗೆ. ಎದ್ದು ಬಾಗಿಲು ತೆಗೆದರೆ ಬೀದಿಯ ಉದ್ದಕ್ಕೂ ಬಿಸಿಲು, ಒಂದು ನಾಯಿ ಕೂಡ ಇಲ್ಲ! ಸುದ್ದಿ ತಿಳಿದು ಓಡಿಬಂದ ನಾನು ಎದೆ ತಟ್ಟಿ ಹೇಳಿದೆ: "ಹೆದರ್ಬೇಡ ಚಿಕ್ಕಮ್ಮ, ಇನ್ನು ವಾರಾ ವಾರಾ ಬತ್ತೀನಿ."

"ಆಯ್ತು ಬಾ. ನೀನು ಬರೋ ತನಕ ಇನ್ನೊಬ್ರು ಇರ್ತಾರೆ," ಎಂದಳು.

ಮುಂದಿನ ಸಲ ಹೋದಾಗ ಹೊಸ್ತಿಲ ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ. ತಂತಿಯ ಮೇಲೆ ಗಂಡಸರ ಅಂಗಿ. ನನ್ನ ಎದೆ ಧಸಕ್ಕೆಂದಿತು. ವಿಷಯ ತಿಳಿದ ಮೇಲೆ ಇನ್ನೂ ಧಸಕ್ಕೆಂದಿತು.

"ಎಡಗಡೆ ಹಿಮ್ಮಡಿ ಸವೆದಿದೆಯಲ್ಲ ಚಿಕ್ಕಮ್ಮ! ಯಾರು ಹಾಕ್ಕೋತಾರೆ?"

"ನಾನೇ ದಿನಾ ಬೆಳಗ್ಗೆ ಹಿತ್ಲಾಗೆ ಎಳ್ಕಂಡ್ ಓಡಾಡ್ತೀನಿ ಕಣೋ. ಹೊಸಾ ಚಪ್ಲಿ ನೋಡಿ ಯಾವ ಕಳ್ಳ ಹೆದ್ರುತಾನೆ?"

"ಮತ್ತೆ ಅಂಗಿ? ಕೊಳೆಯೇ ಆಗಲ್ಲವಲ್ಲ, ಅದನ್ನ ಯಾಕೆ ಒಗೀತೀಯ?"

"ಬಿಸ್ಲಿಗೆ ಬಣ್ಣ ಹೋಗ್ಬೇಕು. ಇರೋ ಮನುಷ್ಯನ ಅಂಗಿ ಬಣ್ಣ ಹೋಗಲ್ವಾ?"

ವಾದದಲ್ಲಿ ಅವಳನ್ನು ಗೆದ್ದವರು ಬೇಲೂರು ತಾಲ್ಲೂಕಿನಲ್ಲೇ ಇಲ್ಲ. ನಾನಂತೂ ಅರಸೀಕೆರೆ ತಾಲ್ಲೂಕಿನವನು.

ಒಂದು ದಿನ ನಾನಿದ್ದಾಗಲೇ ನೀರಿನ ಫಿಲ್ಟರ್ ಮಾರುವವನೊಬ್ಬ ಬಂದ. ಚಿಕ್ಕಮ್ಮ, "ಅವ್ರು ಸ್ನಾನಕ್ಕೆ ಹೋಗವ್ರೆ, ಕೇಳಿ ಹೇಳ್ತೀನಿ," ಎಂದು ಒಳಗೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿ ಬಂದಳು. ಅವನು ಜಗುಲಿಯಲ್ಲಿ ಕೂತ. ನೀರು ಸುರಿಯುತ್ತಲೇ ಇತ್ತು. ಅರ್ಧ ಗಂಟೆಯಾದ ಮೇಲೆ ನಲ್ಲಿ ನಿಂತಿತು. ನಾನು ಚಿಕ್ಕಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಿಲ್ಲಿಸಿದ್ದು ನಾವಿಬ್ಬರೂ ಅಲ್ಲ! ಟ್ಯಾಂಕ್ ಖಾಲಿಯಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಎರಡು ನಿಮಿಷ ನಾನು ಬಚ್ಚಲಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ಕೂತಿದ್ದೆ.

ಅದಕ್ಕಿಂತ ಭಯಂಕರವಾದದ್ದು ಎದುರುಮನೆಯಾಕೆಯ ಮಾತು. "ನಿಮ್ ಚಿಕ್ಕಮ್ಮನ ಮನೆಯಾಗಿರೋ ಅಯ್ಯನೋರು ಭಾಳ ಸಾಧು ಕಣ್ರೀ," ಎಂದಳು ಒಮ್ಮೆ.

"ನೀವು ನೋಡಿದ್ದೀರಾ?" ಎಂದೆ.

"ಬೆನ್ನು ನೋಡಿವ್ನಿ. ಎತ್ತರಕ್ಕವ್ರೆ, ಒಸಿ ಬಾಗವ್ರೆ. ಒಳಕ್ಕೋಗೋವಾಗ ಚಿಲ್ಕ ಹಾಕಿದ್ನೋ ಇಲ್ವೋ ಅಂತ ಮೂರು ಸಲ ಎಳೆದು ನೋಡ್ತಾರೆ."

ಇಲ್ಲದವರು ಚಿಲಕ ಎಳೆದು ನೋಡುತ್ತಾರೆಯೇ? ಆ ವಾರ ನಾನು ಹಳೇಬೀಡಿಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅದರ ಮುಂದಿನ ಎಷ್ಟೋ ವಾರವೂ ಹೋಗಲಿಲ್ಲ. ಕಚೇರಿ ಕೆಲಸ, ಮಗಳ ಪರೀಕ್ಷೆ, ಮೊಣಕಾಲು. ನೆಪಗಳಿಗೇನು, ಅವೂ ಇಲ್ಲದೆಯೇ ಇರುತ್ತವೆ.

ಅಷ್ಟರಲ್ಲಿ ಅಂಗಡಿಗೆ ಬೇರೆ ಬಗೆಯ ಚಿಲಕ ಅಲ್ಲಾಡಿಸುವವರು ಬರತೊಡಗಿದರು. 'ನಿಮ್ಮ ಖಾತೆ ಮುಚ್ಚಲಿದೆ, ಇಲ್ಲಿ ಒತ್ತಿ' ಎನ್ನುವ ಇ-ಮೇಲುಗಳು. ಇದನ್ನು ಫಿಶಿಂಗ್ ಎನ್ನುತ್ತಾರೆ, ಗಾಳ ಹಾಕುವುದು. ಚಿಕ್ಕಮ್ಮ ಕೆರೆ ಪಕ್ಕದ ಊರಿನವಳು. ಗಾಳಕ್ಕೆ ಹೆದರುತ್ತಾಳೆಯೇ? ಗುರುಪಾದಯ್ಯನವರಿಗೂ ಒಂದು ಇ-ಮೇಲ್ ವಿಳಾಸ ಮಾಡಿ, ತನ್ನ ವಿಳಾಸಪಟ್ಟಿಯಲ್ಲೂ, ನಡುವೆ ನಾನು ಒಮ್ಮೆ ಹೋದಾಗ ನನ್ನ ಪಟ್ಟಿಯಲ್ಲೂ ಸೇರಿಸಿದಳು.

"ಎ. ಎ. ಅಂದ್ರೆ ಏನು ಚಿಕ್ಕಮ್ಮ?"

"ಏನೂ ಇಲ್ಲ. ಪಟ್ಟೀಲಿ ಮೊದ್ಲು ಬರ್ಲಿ ಅಂತ. ಕಳ್ಳ ಮೇಲಿಂದ ತಾನೆ ಓದ್ಕಂಡ್ ಬರೋದು? ನಮ್ಮೋರು ಯಾರೂ ಅವ್ರಿಗೆ ಬರೆಯಲ್ಲ. ಯಾಕಂದ್ರೆ ಅವ್ರು ಇಲ್ಲ. ಇಲ್ದೋರಿಗೆ ಬರೆಯೋನು ಯಾರು? ಕಳ್ಳ! ಹೊಲ್ದಾಗೆ ಬೆರ್ಚಪ್ಪನ್ನ ನಿಲ್ಸಲ್ವಾ, ಹಂಗೆ."

ಹೊಲದ ಬೆರ್ಚಪ್ಪ ಹಕ್ಕಿಯನ್ನು ಓಡಿಸುತ್ತದೆ, ಅಷ್ಟೇ. ಚಿಕ್ಕಮ್ಮನ ಬೆರ್ಚಪ್ಪ ಕೆಮ್ಮುತ್ತಿತ್ತು! ಗುರುಪಾದಯ್ಯನವರಿಗೆ ಹೊರಗಿನಿಂದ ಇ-ಮೇಲ್ ಬಂದರೆ ಅವಳ ಫೋನಿನಿಂದ ಗಂಡಸೊಬ್ಬ ಎರಡು ಸಲ ಕೆಮ್ಮುವ ಸದ್ದು. ಮನೆಗೆ ಬರುವ ಗಂಡಸು ಬಾಗಿಲಲ್ಲಿ ನಿಂತು ಕೆಮ್ಮುತ್ತಾನಲ್ಲ, ಥೇಟ್ ಹಾಗೆ. ಅದನ್ನು ಮೊದಲ ಸಲ ಕೇಳಿಸಿದಾಗ ನನ್ನ ಬೆನ್ನಹುರಿಯಲ್ಲಿ ಇರುವೆ ಹರಿದಂತಾಯಿತು. ಆ ಕೆಮ್ಮನ್ನು ನಾನು ಎಲ್ಲೋ ಕೇಳಿದ್ದೆ. ಬಹಳ ಹತ್ತಿರದಲ್ಲಿ ಕೇಳಿದ್ದೆ. ಯಾರದು ಎಂದರೆ ಚಿಕ್ಕಮ್ಮ, "ಅವ್ರದೇ," ಎಂದು ಟೀ ಸೋಸಿದಳು.

ಈಗ ನನ್ನ ಕಥೆಗೆ ಬರೋಣ. ಒಂದು ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ನನಗೊಂದು ಇ-ಮೇಲ್ ಬಂತು. 'ಅಪರಿಚಿತರು ನಿಮ್ಮ ಖಾತೆಗೆ ನುಗ್ಗಲು ಯತ್ನಿಸುತ್ತಿದ್ದಾರೆ. ತಕ್ಷಣ ಪಾಸ್‌ವರ್ಡ್ ಹಾಕಿ ಖಚಿತಪಡಿಸಿ.' ಅಪರಿಚಿತರು! ಗ್ಯಾಸ್ ಸಿಲಿಂಡರಿಗೇ ಹೆದರುವವನು ಅಪರಿಚಿತರಿಗೆ ಹೆದರದಿರುವುದುಂಟೆ? ಪಾಸ್‌ವರ್ಡ್ ಹಾಕಿದೆ. ಒಂದು ಸಲ ಸಾಲದೆಂದು ಎರಡು ಸಲ ಹಾಕಿದೆ. ಯಾವ ಕಳ್ಳನಿಗೂ ಅಷ್ಟು ಸಹಕಾರ ಯಾರೂ ಕೊಟ್ಟಿರಲಾರರು.

ಕಾಲು ಗಂಟೆಗೆ ಚಿಕ್ಕಮ್ಮನ ಫೋನ್.

"ಏನೋ, ಗುರುಪಾದಯ್ಯನೋರಿಗೆ ಏನೋ ಬರ್ದಿದ್ದೀಯಲ್ಲ?"

"ನಾನ್ಯಾಕೆ ಬರೀಲಿ?"

"ನಿನ್ ಹೆಸ್ರಲ್ಲೇ ಐತೆ. ಕೇಳು: 'ಪ್ರೀತಿಯ ಗುರುಪಾದಯ್ಯ, ನೀವು ಚೆನ್ನಾಗಿ ಮಾಡುತ್ತಿದ್ದೀರಿ ಎಂದು ನಾನು ಆಶಿಸುತ್ತೇನೆ. ನಾನು ತೊಂದರೆಯಲ್ಲಿದ್ದೇನೆ. ದಯವಿಟ್ಟು ಕೆಳಗೆ ಒತ್ತಿರಿ.' ನೀನು ಹುಟ್ಟಿದಾಗಿಂದ ತೊಂದ್ರೇಲೇ ಇದ್ದೀಯ, ಅದು ಸರಿ. ಆದ್ರೆ 'ಆಶಿಸುತ್ತೇನೆ' ಅಂತ ಯಾವತ್ತಪ್ಪ ಅಂದಿದ್ದೆ?"

ಯೋಚಿಸಿ ನೋಡಿ: ಮುಖವಿಲ್ಲದವನೊಬ್ಬ ನನ್ನ ಒಳಗೆ ಕೂತು, ನನ್ನ ಹೆಸರಿನಲ್ಲಿ, ಇಲ್ಲವೇ ಇಲ್ಲದವರೊಬ್ಬರ ಯೋಗಕ್ಷೇಮ ವಿಚಾರಿಸುತ್ತಿದ್ದ! ಅವರಿಬ್ಬರ ನಡುವೆ ನಾನೊಬ್ಬನೇ ಇದ್ದವನು. ಅದೂ ಆ ಹೊತ್ತಿನಲ್ಲಿ ಅನುಮಾನವೇ.

ತಪ್ಪೊಪ್ಪಿಕೊಂಡೆ. ಚಿಕ್ಕಮ್ಮ ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಜನ ನಂಬಿ ಕೊಟ್ಟಿರೋ ಕಾಗ್ದ ಕಣೋ ಅದ್ರಾಗಿರೋದು. ಒಂದು ಹೋದ್ರೂ ನಾನು ನಾಳೆ ಅಂಗ್ಡಿ ಬಾಗ್ಲು ತೆಗಿಯಲ್ಲ. ಯಾವ ಮುಖ ಇಟ್ಕಂಡು ತೆಗೀಲಿ? ನೀನು ಪಾಸ್‌ವರ್ಡ್ ಬದಲಾಯ್ಸು. ಅಲ್ಲೀಗಂಟ ಆ ಕಳ್ಳನ್ನ ಅಯ್ಯನೋರು ನೋಡ್ಕಂತಾರೆ."

ನೋಡಿಕೊಂಡರು! ಗುರುಪಾದಯ್ಯನವರು ಕಳ್ಳನಿಗೆ ಉತ್ತರ ಬರೆದರು: 'ಅಯ್ಯೋ ಮಗು, ನನ್ನ ಕಾಗದಪತ್ರ ಎಲ್ಲಾ ಕಳಿಸ್ತೀನಿ. ಇರು, ಕನ್ನಡಕ ಹುಡುಕ್ತೀನಿ.' ಕಳ್ಳ ಕಾದ. 'ಕನ್ನಡಕ ಸಿಕ್ತು. ನಿಮ್ಮಮ್ಮನ ಮೊಣಕಾಲು ಹೇಗಿದೆ?' ಕಳ್ಳ, ತಾಯಿ ಉತ್ತಮವಾಗಿ ಮಾಡುತ್ತಿದ್ದಾರೆ ಎಂದ. ನಮ್ಮಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು. ಗುರುಪಾದಯ್ಯನವರು, 'ಸಂತೋಷ. ಮಧ್ಯಾಹ್ನಕ್ಕೆ ಏನು ಸಾರು?' ಎಂದರು.

ಅವರು ಸಾರಿನಿಂದ ಪಲ್ಯಕ್ಕೆ, ಪಲ್ಯದಿಂದ ಮೊಸರಿಗೆ ಬರುವಷ್ಟರಲ್ಲಿ ನಾನು ಪಾಸ್‌ವರ್ಡ್ ಬದಲಿಸಿ ಕಳ್ಳನನ್ನು ಹೊರಹಾಕಿದ್ದೆ. ಕಾಗದಗಳು? ಚಿಕ್ಕಮ್ಮ ಕಳಿಸಿದ್ದನ್ನು ನಾನು ಒಂದು ದಿನವೂ ತೆರೆದು ನೋಡಿದವನಲ್ಲ. ಹಾಗಾಗಿ ಎಲ್ಲವೂ ಓದದ ಪತ್ರಗಳ ದಪ್ಪಕ್ಷರದಲ್ಲೇ ಇದ್ದವು. ಕಳ್ಳನೂ ಅವನ್ನು ತೆರೆದಿರಲಿಲ್ಲ. ನನ್ನ ಸೋಮಾರಿತನ ಸಾಕ್ಷಿ ಹೇಳಿ ಯಾರನ್ನಾದರೂ ಉಳಿಸಿದ್ದು ಅದೇ ಮೊದಲು.

ಆ ಭಾನುವಾರ ಹಳೇಬೀಡಿನ ಬಸ್ ಹತ್ತಿದೆ. ಎಷ್ಟು ತಿಂಗಳಾಗಿತ್ತೋ. ಚಿಕ್ಕಮ್ಮ ಅಡುಗೆಮನೆಯಲ್ಲಿದ್ದಳು, ಅವಳ ಫೋನಿನಲ್ಲಿ ಗುರುಪಾದಯ್ಯನವರ ಇ-ಮೇಲ್ ತೆರೆದೇ ಇತ್ತು. ಇಣುಕಿದೆ. ಅಂಚೆಪೆಟ್ಟಿಗೆ ತುಂಬಿ ತುಳುಕುತ್ತಿತ್ತು! ಕಳ್ಳರವು ನಾಲ್ಕಾರು. ಉಳಿದವೆಲ್ಲ ಚಿಕ್ಕಮ್ಮನವು, ಒಂದೊಂದಕ್ಕೂ ಗುರುಪಾದಯ್ಯನವರ ಉತ್ತರ.

'ಇವತ್ತು ಕರೆಂಟ್ ಇಲ್ಲ.'

'ಮೇಣದಬತ್ತಿ ಎಡಗಡೆ ಡ್ರಾಯರಿನಲ್ಲಿದೆ.'

'ಇತ್ತು. ಸಿಕ್ತು.'

ಹೊರಗೆ ಹಾಡಹಗಲು, ಸುಡುವ ಬಿಸಿಲು. ನನಗೆ ಮಾತ್ರ ಚಳಿ.

"ಖಾಲಿ ಪೆಟ್ಗೆ ನೋಡಿದ್ರೆ ಕಳ್ಳನಿಗೆ ಗೊತ್ತಾಗಲ್ವೇನೋ?" ಹಿಂದಿನಿಂದ ಚಿಕ್ಕಮ್ಮನ ದನಿ. "ಚಪ್ಲಿ ಸವೆಸ್ದಂಗೆ ಇದೂನೂ ಸವೆಸ್ಬೇಕು."

ನಾನು ಎದ್ದೆ. ಗಾಳಿ ಬೇಕೆನ್ನಿಸಿ ಗಡಿಬಿಡಿಯಲ್ಲಿ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋದ ಮೇಲೆ ಕೆಳಗೆ ನೋಡಿದೆ. ನನ್ನ ಚಪ್ಪಲಿ ಹೊಸ್ತಿಲ ಬಳಿಯೇ ಇತ್ತು! ಕಾಲಲ್ಲಿದ್ದದ್ದು ಗುರುಪಾದಯ್ಯನವರದು. ಒಂದು ಎಳ್ಳಷ್ಟೂ ಬಿಗಿಯಿಲ್ಲ, ಸಡಿಲವಿಲ್ಲ. ತಂತಿಯ ಮೇಲಿನ ಅಂಗಿಯನ್ನು ಆಗ ಸರಿಯಾಗಿ ನೋಡಿದೆ. ಚಿಲಕ ಹಾಕಿದೆನೋ ಎಂದು ಮೂರು ಸಲ ಎಳೆದು ನೋಡುವ, ಒಸಿ ಬಾಗಿದ ಅಯ್ಯನೋರು ಯಾರೆಂದೂ ಆಗಲೇ ಹೊಳೆಯಿತು.

"ನಂಗೆ ಗೊತ್ತಿರೋ ಗಂಡ್ಸಿನ ಅಳ್ತೆ ನಿಂದೊಂದೇ," ಎಂದಳು ಚಿಕ್ಕಮ್ಮ ಬಾಗಿಲಲ್ಲಿ ನಿಂತು.

"ಕೆಮ್ಮು?"

"ಶೀತ ಆಗಿ ಬಂದಿದ್ಯಲ್ಲ ಒಂದ್ಸಲ, ಕಷಾಯ ಕುಡಿಯಲ್ಲ ಅಂತ ಹಟ ಮಾಡ್ಕಂಡು. ಆಗ ಫೋನಲ್ಲಿ ಹಿಡ್ಕಂಡಿದ್ದು." ಸೆರಗಿನಲ್ಲಿ ಕೈ ಒರೆಸಿಕೊಂಡಳು. "ವಾರಾ ವಾರಾ ಬತ್ತೀನಿ ಅಂದಿದ್ದೆ. ನೀನು ಬರ್ದಿರೋ ವಾರಕ್ಕೂ ಯಾರಾದ್ರೂ ಬೇಕಿತ್ತಲ್ಲೋ."

ಈಗ ನಾನು ಭಾನುವಾರ ತಪ್ಪಿಸುವುದಿಲ್ಲ. ಬಾಗಿಲು ತಟ್ಟುವುದೂ ಇಲ್ಲ. ಆ ಸವೆದ ಜೊತೆಯ ಪಕ್ಕದಲ್ಲಿ ನನ್ನ ಜೊತೆ ಬಿಟ್ಟು, ಒಮ್ಮೆ ಕೆಮ್ಮುತ್ತೇನೆ. ಒಳಗಿನಿಂದ ಚಿಕ್ಕಮ್ಮ ಕೇಳುತ್ತಾಳೆ:

"ಬಂದ್ರೇನೋ, ಇಬ್ರೂನೂ?"