ಹಗಲು ವಿಮಾನದ ಬ್ಯಾಟರಿಯವರ ಸನ್ನಿಧಿಗೆ

ಹನ್ನೆರಡು ವೋಲ್ಟಿನ ಮಾನ್ಯರೇ,

ತಮ್ಮ ಕೆಂಪು ತುದಿಗೆ ಮೊದಲು, ಕಪ್ಪು ತುದಿಗೆ ಅನಂತರ, ತಂತಿ ಜೋಡಿಸುವ ಕ್ರಮದಲ್ಲಿಯೇ ನಮಸ್ಕಾರಗಳು. ತಾವು ಸದ್ಯ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ನನ್ನ ಗೆಳೆಯ ದಾಮೋದರನ ಉಡುಪಿ ಹೋಟೆಲಿನ ಗಲ್ಲಾದ ಕೆಳಗೆ, ಸೋಂಪಿನ ಡಬ್ಬಕ್ಕೂ ಹಳೆಯ ಮೆನು ಕಾರ್ಡುಗಳ ಕಟ್ಟಿಗೂ ನಡುವೆ ಸುಖವಾಗಿದ್ದೀರೆಂದು ತಿಳಿದು ಸಂತೋಷವಾಯಿತು. ಲಾಭ ಪಂಚಮಿಯ ದಿನ ತಾವು ತೋರಿದ ನಡತೆಯ ಬಗ್ಗೆ ಎರಡು ಮಾತು ಅರಿಕೆ ಮಾಡಿಕೊಳ್ಳುವುದಿತ್ತು. ಖಾಸಗಿಯಾಗಿಯೇ ಬರೆಯಬಹುದಿತ್ತು, ಆದರೆ ಆ ನಡತೆಗೆ ನಮ್ಮ ಕನ್ನಡ ಬಳಗ ಪೂರ್ತಿ, ಫೋನ್ ಎತ್ತಿ ಹಿಡಿದುಕೊಂಡು, ಸಾಕ್ಷಿಯಾಗಿದ್ದುದರಿಂದ ಈಗ ಗುಟ್ಟು ಕಾಪಾಡುವುದರಲ್ಲಿ ಯಾರ ಮರ್ಯಾದೆಯೂ ಉಳಿಯುವುದಿಲ್ಲ.

ತಾವು ತಡವಾಗಿ ಬಂದವರು, ಆದ್ದರಿಂದ ಹಿಂದಿನದನ್ನು ಸ್ವಲ್ಪ ನಿವೇದಿಸುತ್ತೇನೆ. ವಡೋದರಾದ ಹೊರಗೆ, ಒಂದು ಖಾಸಗಿ ಏರ್‌ಸ್ಟ್ರಿಪ್ಪಿನ ಪಕ್ಕದಲ್ಲಿ, ಮೊದಲು ಹತ್ತಿಯ ಮೂಟೆ ಇಡುತ್ತಿದ್ದ ಶೆಡ್ಡನ್ನು ಬಾಡಿಗೆಗೆ ಹಿಡಿದು, ದಾಮೋದರ ಮತ್ತು ನಾನು ಎರಡು ಸೀಟಿನ ವಿಮಾನವೊಂದನ್ನು ವರ್ಷಗಟ್ಟಲೆ ಕೈಯಾರೆ ಕಟ್ಟಿದೆವು. ಅವನು ವಾರಕ್ಕೊಮ್ಮೆ ಹೋಟೆಲನ್ನು ಹೆಂಡತಿ ಯಶೋದಾಳಿಗೆ ಒಪ್ಪಿಸಿ ಬಂದು ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುತ್ತಿದ್ದ. ನಾನು ರಿಫೈನರಿಯ ಎಲೆಕ್ಟ್ರಿಕಲ್ ಇಂಜಿನಿಯರು, ಹಾಗಾಗಿ ತಂತಿ, ಸ್ವಿಚ್ಚು, ದೀಪಗಳ ಖಾತೆ ನನ್ನದು. ವಿಮಾನ ನಡೆಸುವ ಲೈಸೆನ್ಸ್ ಇದ್ದುದು ಅವನೊಬ್ಬನಿಗೆ, ನನಗೆ ಅಭಿಪ್ರಾಯಗಳಿದ್ದವು. ನಮ್ಮ ಅನುಮತಿ ಪತ್ರದ ಮೊದಲ ಸಾಲಿನಲ್ಲಿಯೇ ಈ ವಿಮಾನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಹಾರತಕ್ಕದ್ದು ಎಂದು ಬರೆದಿತ್ತು. ದೀಪ ಬೇಕಾಗುವ ಹೊತ್ತಿಗೆ ನಾವು ನೆಲದ ಮೇಲೆ ಇರಬೇಕು ಎಂಬ ಈ ಸ್ಪಷ್ಟ ಸೂಚನೆಯನ್ನು ಗಮನವಿಟ್ಟು ಓದಿದ ಮೇಲೆ, ನಾವು ಎರಡು ವರ್ಷ ದೀಪಗಳನ್ನು ಆರಿಸುವುದರಲ್ಲಿ ಕಳೆದೆವು.

ಇದನ್ನು ವ್ಯಂಗ್ಯವೆಂದು ತಾವು ಭಾವಿಸಬಾರದು. ಆರಿಸುವುದು, ಎಂದರೆ ಆಯ್ಕೆ ಮಾಡುವುದು, ಬಹಳ ಘನವಾದ ಕೆಲಸ. ಅದರಲ್ಲಿ ತೊಡಗಿರುವ ಮನುಷ್ಯನನ್ನು ಯಾರೂ ಸೋಮಾರಿ ಎನ್ನುವಂತಿಲ್ಲ, ಅಂಜುಬುರುಕ ಎನ್ನುವಂತಿಲ್ಲ. ಎಡ ರೆಕ್ಕೆಯ ತುದಿಗೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ ಎಂಬಷ್ಟು ಲೋಕವೇ ತೀರ್ಮಾನಿಸಿಟ್ಟಿದೆ. ಆದರೆ ಹಳೆಯ ಬಲ್ಬೋ, ಎಲ್‌ಇಡಿಯೋ? ಎಲ್‌ಇಡಿ ಕಡಿಮೆ ಕರೆಂಟು ಕುಡಿಯುತ್ತದೆ, ಆದರೆ ಅಗ್ಗದ್ದಾದರೆ ರೇಡಿಯೋದಲ್ಲಿ ಗೊರ್ರೆನ್ನುತ್ತದೆ. ಇಳಿಯುವಾಗ ಮುಂದೆ ಬೆಳಕು ಚೆಲ್ಲುವ ದೀಪ ಮೂಗಿನಲ್ಲಿರಬೇಕೋ ರೆಕ್ಕೆಯಲ್ಲಿರಬೇಕೋ? ಒಂದು ದೀಪಕ್ಕೆ ಒಂದು ಸ್ವಿಚ್ಚೋ, ಒಂದು ಬಳಗಕ್ಕೆ ಒಂದೋ? ಇಂಥ ಪ್ರಶ್ನೆಗಳ ನಡುವೆ ನಾನು ಎಷ್ಟು ಸುಖವಾಗಿದ್ದೆನೆಂದರೆ, ಒಂದಕ್ಕೆ ಉತ್ತರ ಸಿಕ್ಕಿದ ದಿನ ಸಣ್ಣ ಶೋಕವಾಗುತ್ತಿತ್ತು. ದಾಮೋದರ ಮಾತ್ರ ರಿವೆಟ್ ಹೊಡೆಯುತ್ತ, "ನಂಗೆ ಎಂತ ಲೈಟೂ ಬೇಡ ಮಾರಾಯ. ಒಮ್ಮೆ ಮೇಲೆ ಹೋಗಿ ಕೆಳಗೆ ಬಂದ್ರೆ ಸಾಕು" ಎನ್ನುತ್ತಿದ್ದ. ತಂತ್ರಜ್ಞಾನದ ಬಗ್ಗೆ ಅವನಿಗಿರುವ ಉದಾಸೀನವೆಂದು ನಾನು ಅದನ್ನು ಕ್ಷಮಿಸುತ್ತಿದ್ದೆ.

ಅಷ್ಟರಲ್ಲಿ ವಿಷಯ ಬಳಗಕ್ಕೆ ತಿಳಿಯಿತು. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೈಮೇಲೆ ತಮ್ಮ ಹೆಸರು, ಊರು, ತೀರಿಕೊಂಡವರ ಸ್ಮರಣಾರ್ಥ ಎಂದೆಲ್ಲ ಕಪ್ಪು ಬಣ್ಣದಲ್ಲಿ ಬರೆಸಿ, ಕೊಟ್ಟ ಬೆಳಕನ್ನು ಅಕ್ಷರ ಅಕ್ಷರವಾಗಿ ಹಿಂದಕ್ಕೆ ಪಡೆಯುವ ನಮ್ಮ ಜನರ ಪದ್ಧತಿಯನ್ನು ತಾವು ಬಲ್ಲಿರಿ. ವಿಮಾನಕ್ಕೆ ದೀಪ ಬೇಕಂತೆ ಎಂದು ಕೇಳಿದ್ದೇ ತಡ, ಆ ಪದ್ಧತಿ ರೆಕ್ಕೆ ಏರಿತು. ಎಡ ರೆಕ್ಕೆಯ ಕೆಂಪು ದೀಪವನ್ನು ಯಶೋದಾ ತನ್ನ ತಂದೆಯ ಹೆಸರಿನಲ್ಲಿ ಕೊಟ್ಟಳು. ಸೂರತ್ತಿನಲ್ಲಿ ಸೀರೆಯ ದಲ್ಲಾಳಿಯಾಗಿರುವ ಪಟ್ಟಾಭಿರಾಮರು ಬಲ ರೆಕ್ಕೆಯ ಹಸಿರನ್ನೂ ಎರಡು ಮಿಂಚುದೀಪಗಳನ್ನೂ ಕೊಟ್ಟು, ತಮ್ಮ ಹೆಸರಿನ ಜೊತೆಗೆ ಅಂಗಡಿಯ ಮಹಡಿ, ಲಿಫ್ಟ್ ಇರುವ ದಿಕ್ಕು ಇವನ್ನೂ ಗಾಜಿನ ಮೇಲೆ ಬರೆಸಿದರು. "ಅಷ್ಟು ಎತ್ತರದಲ್ಲಿ ಯಾರು ಓದ್ತಾರೆ?" ಎಂದು ನಾನು ಕೇಳಿದ್ದಕ್ಕೆ, "ದೇವಸ್ಥಾನದ್ದನ್ನ ಯಾರು ಓದ್ತಾರೆ ಸ್ವಾಮಿ? ಇರಬೇಕು, ಅಷ್ಟೆ" ಎಂದರು. ಅಹಮದಾಬಾದಿನಲ್ಲಿಯೇ ಹುಟ್ಟಿ ಬೆಳೆದ ದಾಮೋದರನ ಮಗಳು ಪ್ರತೀಕ್ಷಾ, "ಅಂಕಲ್, ಒಂದೇ ಚಾರ್ಜಿಂಗ್ ಪೋರ್ಟ್? ಸೀರಿಯಸ್ಲಿ?" ಎಂದು ಕೇಳಿ ಎರಡನ್ನು ಹಾಕಿಸಿಕೊಂಡಳು. ಮುಂದಿನ ಫಲಕದ ಮೇಲಿನ ಪುಟ್ಟ ಗಣಪತಿಗೆ ಒಂದು ದೀಪ ಬಂತು. ಗಣಪತಿಯ ದೀಪ ಬೇರೆ ದೀಪಗಳ ಸ್ವಿಚ್ಚಿನಲ್ಲಿ ಆರಬಾರದೆಂದು ಅದಕ್ಕೆ ಸ್ವತಂತ್ರ ಸರ್ಕ್ಯೂಟು ಬಂತು. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ಪ್ರತಿಯೊಂದು ದಾನಕ್ಕೂ ಒಂದು ತಂತಿ, ಒಂದು ಫ್ಯೂಸು, ನನಗೆ ಇನ್ನೊಂದು ತಿಂಗಳು.

ಇಷ್ಟೂ ಜನರನ್ನು ಹೊರುವವರು ಯಾರು ಎಂಬ ಪ್ರಶ್ನೆ ಬಂದಾಗ ತಮ್ಮ ಆಗಮನವಾಯಿತು. ಸೀಸದ ಬ್ಯಾಟರಿ ಭಾರ, ತಾವು ಲಿಥಿಯಂ, ಹಗುರ. ಒಂದು ಕೈಯಲ್ಲಿ ಎತ್ತಬಹುದು. ಎತ್ತಿದವರೆಲ್ಲ ಖಾಲಿ ಡಬ್ಬವೇ ಎಂದು ಕೇಳಿದರು. ತಮ್ಮ ಒಳಗೆ ಒಂದು ರಕ್ಷಣಾ ಸರ್ಕ್ಯೂಟ್ ಇದೆಯೆಂದೂ, ಹೊರಗಿನ ಬೇಡಿಕೆ ಮಿತಿ ಮೀರಿ ಒಳಗಿನ ಚಾರ್ಜು ತೀರಾ ಇಳಿದರೆ ಅದು ತಮ್ಮನ್ನು ಲೋಕದಿಂದ ತಾನಾಗಿ ಬೇರ್ಪಡಿಸುತ್ತದೆಯೆಂದೂ ತಮ್ಮ ಜೊತೆ ಬಂದ ಪುಸ್ತಿಕೆ ಹೆಮ್ಮೆಯಿಂದ ಹೇಳಿತ್ತು. ನನಗೆ ತಕ್ಷಣ ಇಷ್ಟವಾದದ್ದು ಅದೇ ಗುಣ. ಯಾಕೆ ಇಷ್ಟವಾಯಿತೆಂದು ಆಗ ಯೋಚಿಸಲಿಲ್ಲ.

ಈ ನಡುವೆ ಅಹಮದಾಬಾದಿನ ಡಾಕ್ಟರು ದಾಮೋದರನ ಎದೆಯ ಬಡಿತವನ್ನು ಕಾಗದದ ಮೇಲೆ ಇಳಿಸಿ ನೋಡಿ, ಪೈಲಟ್ಟುಗಳಿಗೆ ಕೊಡುವ ಆರೋಗ್ಯದ ಸರ್ಟಿಫಿಕೇಟನ್ನು ಈ ಸಲ ನವೀಕರಿಸಲಾರೆನೆಂದರು. ಹಳೆಯದಕ್ಕೆ ಇನ್ನು ಕೆಲವು ವಾರ ಆಯುಸ್ಸಿತ್ತು. ಅದು ಮುಗಿದ ಮೇಲೆ ಅವನು ಯಾವ ವಿಮಾನವನ್ನೂ, ತಾನೇ ಕಟ್ಟಿದ್ದನ್ನೂ, ನೆಲದಿಂದ ಎತ್ತುವಂತಿರಲಿಲ್ಲ. ಅವನು ಇದನ್ನು ನನಗೆ ಫೋನಿನಲ್ಲಿ ಹೇಳಿದ. ಹಿಂದೆ ಯಾರೋ ಎರಡು ಮಸಾಲೆ, ಒಂದು ಸೆಟ್ ಎಂದು ಕೂಗುತ್ತಿದ್ದರು. ನಾನು ಸಹಾನುಭೂತಿಯಿಂದ, ಬಾಲದ ದೀಪದ ಬ್ರಾಕೆಟ್ಟು ಮಾತ್ರ ಬಾಕಿ ಎಂದೆ.

ಬ್ರಾಕೆಟ್ಟು ಬರುವಾಗ ದೀಪಾವಳಿ ಬಂತು. ದೀಪಾವಳಿಯಿಂದ, ಅಂಗಡಿಗಳು ಮತ್ತೆ ತೆರೆಯುವ ಲಾಭ ಪಂಚಮಿಯವರೆಗೆ, ಗುಜರಾತಿನಲ್ಲಿ ಒಂದು ಸ್ಕ್ರೂ ಕೂಡ ಮಾರಾಟಕ್ಕೆ ಸಿಗುವುದಿಲ್ಲವೆಂಬುದು ತಮಗೆ ಗೊತ್ತು. ಶೆಡ್ಡಿನ ಯಜಮಾನ ಕೂಡ ಪಂಚಮಿಗೆ ಮೊದಲು ಹೊಸ ಕೆಲಸಕ್ಕೆ ಬಾಗಿಲು ತೆರೆಯಲು ಒಪ್ಪಲಿಲ್ಲ. "ಲಾಭ್ ಪಾಂಚಮೇ, ಸಾಹೇಬ್", ಪಂಚಮಿಯ ದಿನವೇ, ಎಂದು ಕೈ ಮುಗಿದುಬಿಟ್ಟ. ದಾಮೋದರನ ಸರ್ಟಿಫಿಕೇಟು ಮುಗಿಯುವುದು ಅದೇ ಪಂಚಮಿಯ ದಿನ. ಆ ಒಂದು ಹಗಲು ಅವನಿಗೆ ಉಳಿದಿತ್ತು.

ಆ ಹಗಲನ್ನು ನಾವು ಹೇಗೆ ಬಳಸಿದೆವೆಂಬುದು ತಮಗೆ ಚೆನ್ನಾಗಿ ನೆನಪಿರಬೇಕು. ದೀಪಗಳು ಸಿದ್ಧವಿರಲಿಲ್ಲವೆಂದು ಆಯುಧಪೂಜೆ ತಪ್ಪಿಹೋಗಿತ್ತಲ್ಲ, ಅದನ್ನು ಅಂದೇ ಮಾಡಿ ಹಾರಿಸುವುದೆಂದು ತೀರ್ಮಾನವಾಯಿತು. ಪ್ರೊಪೆಲ್ಲರಿಗೆ ಸೇವಂತಿಗೆ ಹಾರ, ರೆಕ್ಕೆಗಳಿಗೆ ಕುಂಕುಮ, ಮೂರು ಚಕ್ರಗಳ ಮುಂದೆ ಮೂರು ನಿಂಬೆಹಣ್ಣು, ಬೂದುಗುಂಬಳ. ಮಂಗಳಾರತಿಯ ಹೊತ್ತಿಗೆ ಎಲ್ಲ ದೀಪಗಳೂ ಉರಿಯಬೇಕೆಂದು ಯಾರೋ ಹೇಳಿದರು. ಯಾರೋ ಎನ್ನುವುದು ಸೌಜನ್ಯದ ಮಾತು, ಎಲ್ಲರೂ ಹೇಳಿದರು. ಎಂಜಿನ್ ತಿರುಗಿದರೆ ಹಾರ ಹರಿಯುತ್ತದೆ, ಆದ್ದರಿಂದ ಎಂಜಿನ್ ಬೇಡ, ದೀಪ ಮಾತ್ರ. ಎಂಜಿನ್ ತಿರುಗದೆ ಆಲ್ಟರ್ನೇಟರ್ ಕರೆಂಟು ಹುಟ್ಟಿಸುವುದಿಲ್ಲ. ಮನೆಯಲ್ಲಿ ದುಡಿಯುವವನನ್ನು ಮಲಗಿಸಿ ಎಲ್ಲರೂ ಊಟಕ್ಕೆ ಕೂತ ಹಾಗೆ. ಇದನ್ನು ನಾನು ಬಲ್ಲೆ. ಆದರೆ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತ ಹೋದಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮಿಂಚು, ಗಣಪತಿ, ಎಲ್ಲವೂ ನಾನು ಬಗೆದಂತೆಯೇ ಉರಿದವು. ನಾನು ಕೈ ಕಟ್ಟಿಕೊಂಡು ನೋಡಿದೆ. ಪಟ್ಟಾಭಿರಾಮರು ತಮ್ಮ ದೀಪದ ಪಕ್ಕ ನಿಂತು, ಆಮೇಲೆ ಕುಟುಂಬದೊಡನೆ ನಿಂತು, ಆಮೇಲೆ ಕಣ್ಣು ಮುಚ್ಚಿದ ಫೋಟೋ ಸರಿಬರಲಿಲ್ಲವೆಂದು ಮತ್ತೊಮ್ಮೆ ನಿಂತರು. ದಾನಿಗಳು ಮುಗಿದ ಮೇಲೆ ಪ್ರಸಾದ. ಕೋಸಂಬರಿ ಚೆನ್ನಾಗಿತ್ತು.

ಅನಂತರ ಹಾರ ತೆಗೆದು ದಾಮೋದರ ಒಳಗೆ ಕೂತು ಸ್ಟಾರ್ಟರಿನ ಗುಂಡಿ ಒತ್ತಿದ. ತಾವು ಏನೂ ಹೇಳಲಿಲ್ಲ.

ಸತ್ತಿದ್ದರೆ ಕ್ಷಮಿಸುತ್ತಿದ್ದೆ. ತಾವು ಸತ್ತಿರಲಿಲ್ಲ, ಬಾಗಿಲು ಹಾಕಿಕೊಂಡಿದ್ದಿರಿ. ಕಾರಿನಿಂದ ತಂತಿ ಎಳೆದು ಎಬ್ಬಿಸೋಣವೆಂದು ಬಳಗ ಮುಂದೆ ಬಂತು. ಆ ಸ್ಥಿತಿಯ ಲಿಥಿಯಮ್ಮಿಗೆ ಹಾಗೆ ಕರೆಂಟು ತುರುಕಿದರೆ ಬೆಂಕಿ ಹೊತ್ತಿಕೊಳ್ಳಬಹುದೆಂದು ನಾನೇ ತಡೆಯಬೇಕಾಯಿತು. ತಮ್ಮದೇ ಚಾರ್ಜರಿನಲ್ಲಿ ನಿಧಾನವಾಗಿ ಎಚ್ಚರಿಸಬಹುದಿತ್ತು. ಆದರೆ ಅದು ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ, ಸೂರ್ಯನ ಜೊತೆಗೆ ನಮ್ಮ ಅನುಮತಿ, ಅನುಮತಿಯ ಜೊತೆಗೆ ದಾಮೋದರನ ಸರ್ಟಿಫಿಕೇಟು. ಯಶೋದಾ ನನ್ನ ಮುಖ ನೋಡಿದಳು. "ಇಷ್ಟು ವರ್ಷ ನೀವು ಎಂತ ಮಾಡ್ತಾ ಇದ್ರಿ ಭಾವ?" ಎಂದು ಬಹಳ ಮೆಲ್ಲಗೆ ಕೇಳಿದಳು. ಅದು ತಮಗೆ ಹಾಕಿದ ಪ್ರಶ್ನೆಯೆಂದು ಭಾವಿಸಿ ನಾನು ತಮ್ಮತ್ತ ತಿರುಗಿದೆ.

ಸೀಟಿನಿಂದ ದಾಮೋದರನ ದನಿ ಬಂತು. "ಫ್ಯಾನ್ ತಿರುಗಿಸು ಮಾರಾಯ. ಇದಕ್ಕೆ ಹೊಟ್ಟೆಗೆ ಪೆಟ್ರೋಲ್ ಸಾಕು, ಕರೆಂಟು ಎಂತಕ್ಕೆ?"

ಮಾನ್ಯರೇ, ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಹಳೆಯ ಮಾದರಿಯ ಎಂಜಿನ್ ತನ್ನ ಕಿಡಿಯನ್ನು ತಿರುಗುತ್ತ ತಾನೇ ಹುಟ್ಟಿಸಿಕೊಳ್ಳುತ್ತದೆ. ವೇಗ, ಎತ್ತರ ತೋರುವ ಮೀಟರುಗಳು ಅವನ ಹಟದಿಂದಾಗಿ ಮುಳ್ಳಿನವು, ಗಾಳಿಯ ಒತ್ತಡದಿಂದ ನಡೆಯುವಂಥವು. ರೇಡಿಯೋ ಕೈಯಲ್ಲಿ ಹಿಡಿಯುವುದು, ಅದರ ಸೆಲ್ಲು ಅದರದೇ. ವಿಮಾನ ಹಾರಲು ತಮ್ಮಿಂದ ಆಗಬೇಕಾದದ್ದು ಮೊದಲ ಒಂದು ತಳ್ಳು ಮಾತ್ರ. ಉಳಿದದ್ದೆಲ್ಲ ನನ್ನ ಎರಡು ವರ್ಷ. ಚಕ್ರಗಳಿಗೆ ಮರದ ತುಂಡು ಕೊಟ್ಟು, ಬಳಗವನ್ನು ಶೆಡ್ಡಿನೊಳಗೆ ಅಟ್ಟಿ, ನಾನು ಪ್ರೊಪೆಲ್ಲರಿನ ಅಲಗನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದು ಹಿಂದೆ ಸರಿದೆ. ಅಲಗಿಗೆ ಕುಂಕುಮ ಅಂಟಿತ್ತು. ಮತ್ತೆ ಎಳೆದೆ. ಎಂಜಿನ್ ಕೆಮ್ಮಿತು, ಶುರುವಾಯಿತು.

ಮರದ ತುಂಡು ತೆಗೆದಾಗ ಚಕ್ರಗಳು ನಿಂಬೆಹಣ್ಣಿನ ಮೇಲೆ ಹಾದುಹೋದವು. ಆಮೇಲೆ ಉದ್ದದ ಓಟ, ಆಮೇಲೆ ಚಕ್ರಗಳ ಕೆಳಗೆ ಬೆಳಕು ಕಾಣಿಸಿತು. ನಮ್ಮ ವಿಮಾನದಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಗಣಪತಿಯೂ ಕತ್ತಲಲ್ಲೇ ಹೋದ. ಯಶೋದಾ ಕೈ ಮುಗಿದುಕೊಂಡೇ ಇದ್ದಳು. ನಾನು ಅಭ್ಯಾಸಬಲದಿಂದ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಹುಡುಕಿದೆ. ಆಮೇಲೆ ಹುಡುಕುವುದನ್ನು ಬಿಟ್ಟೆ. ಅವನನ್ನು ಗುರುತಿಸಲು ದೀಪ ಬೇಕಾಗಿರಲಿಲ್ಲ. ಅಷ್ಟು ದೊಡ್ಡ ಹಗಲಿನಲ್ಲಿ ಅಲ್ಲಿ ಅವನೊಬ್ಬನೇ ಇದ್ದ.

ಅವನು ಇಳಿದು ಬಂದ, ಎಂಜಿನ್ ಆರಿಸಿದ, ಪೈಲಟ್ ಆಗಿರುವುದನ್ನೂ ಅಲ್ಲಿಗೆ ಮುಗಿಸಿದ. ನೀರು ಕೇಳಿದ. ಮೇಲಿನಿಂದ ಏನು ಕಂಡಿತೆಂದು ಪ್ರತೀಕ್ಷಾ ಕೇಳಿದ್ದಕ್ಕೆ, "ಶೆಡ್ಡು ಕಂಡಿತು. ಇಷ್ಟು ಚಿಕ್ಕದರಲ್ಲಿ ಇಷ್ಟು ವರ್ಷ ಇದ್ದೆವಾ ಅಂತ ಅನ್ಸಿತು" ಎಂದ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ದಯಮಾಡಿ ತಾವು ಅಂದು ಬಾಗಿಲು ಹಾಕಿಕೊಂಡದ್ದು ತಪ್ಪೆಂದು ಒಪ್ಪಿಕೊಳ್ಳಬೇಕು, ಇಲ್ಲವೇ ಅದೇ ಸರಿಯಾದ ನಡತೆಯೆಂದು ನನಗೆ ಬರೆದುಕೊಡಬೇಕು. ಎರಡರಲ್ಲಿ ಯಾವುದಾದರೂ ನನಗೆ ಉಪಯೋಗಕ್ಕೆ ಬರುತ್ತದೆ. ಪಟ್ಟಾಭಿರಾಮರಿಗೆ ಅವರ ದೀಪ ಆಕಾಶದಲ್ಲಿ ಸೂರತ್ತಿನವರೆಗೂ ಕಾಣುತ್ತಿತ್ತೆಂದು ತಾವೇ ಒಂದು ಪತ್ರ ಬರೆಯಬೇಕು. ಮತ್ತು ಸಾಧ್ಯವಾದರೆ, ಆ ಒಂದು ಹಗಲನ್ನು ಹಿಂದಕ್ಕೆ ಚಾರ್ಜ್ ಮಾಡಿ ಕೊಡಬೇಕು. ನನಗೆಂದಿದ್ದ ಎರಡನೆಯ ಸೀಟು ಖಾಲಿ ಹೋಯಿತು.

ಎರಡೂ ತುದಿಗಳಿಂದ ಸಮಾನ ದೂರದಲ್ಲಿ ನಿಂತಿರುವ ತಮ್ಮ ವಿಶ್ವಾಸಿ,
ಉಮಾಕಾಂತ

ತಾ.ಕ.: ತಮ್ಮನ್ನು ಗಲ್ಲಾದ ಕೆಳಗೆ ಇಟ್ಟಿರುವುದು ಕರೆಂಟು ಹೋದಾಗ ಕ್ಯಾಷಿಯರಿಗೆ ಬೆಳಕು ಕೊಡಲೆಂದು. ಅಹಮದಾಬಾದಿನಲ್ಲಿ ಕರೆಂಟು ಹೋಗುವುದೇ ಅಪರೂಪ. ತಮ್ಮ ಯೋಗ್ಯತೆಗೆ ಇಷ್ಟು ಹೊಂದುವ ಹುದ್ದೆ ಬೇರೆ ಸಿಗದು. ಹೋಟೆಲಿಗೆ ಬಂದವರು ತಮ್ಮನ್ನು ಗುರುತಿಸಲೆಂದು ಮೈಮೇಲೆ ಕಪ್ಪು ಬಣ್ಣದಲ್ಲಿ ದಾನಿಯ ಹೆಸರನ್ನೂ ಬರೆಸಿದ್ದೇನೆ. ಹೆಸರು ನನ್ನದು.