ಕಬಡ್ಡಿ ಟೀಮು ಮತ್ತು ಕಾಯಿ ಸವಾಲು

ಸಂಡಿಗೆ

ಮ್ಯಾಟು ಬಂದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದೆ. ಅರ್ಧ ಮ್ಯಾಟಿನ ಮೇಲೆ ಸಂಡಿಗೆ.

ನಾನು ಕಡೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ನಿವೃತ್ತಿಯಾಗಿದೆ. ನನ್ನ ಜಾಗಕ್ಕೆ ಯಾರೂ ಬರಲಿಲ್ಲ, ಹಾಗಾಗಿ ನಾನೂ ಹೋಗಲಿಲ್ಲ. ಹುಡುಗಿಯರ ಕಬಡ್ಡಿ ಟೀಮು ನನ್ನದು.

ಕ್ರೀಡಾ ಶುಲ್ಕ ಅಂತ ಮಕ್ಕಳಿಂದ ವಸೂಲು ಮಾಡಿದ್ದು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿಂದ ವಾಪಸ್ಸು ಬರುವುದು ಸುತ್ತೋಲೆ. ಆ ವರ್ಷ ಬಂದ ಸುತ್ತೋಲೆಯಲ್ಲಿ, ಇನ್ನು ಮುಂದೆ ಕಬಡ್ಡಿ ಮಣ್ಣಿನ ಮೇಲಲ್ಲ, ಮ್ಯಾಟಿನ ಮೇಲೆ ಎಂದಿತ್ತು. ಮ್ಯಾಟಿನ ದುಡ್ಡಿನ ಮಾತು ಇರಲಿಲ್ಲ.

ಪ್ರಿನ್ಸಿಪಾಲರು ಕರೆಸಿದರು. ಖರ್ಚು ತೂಗಿಸಲು ಆಗುತ್ತಿಲ್ಲ, ಈ ಸಲ ವಲಯದ ಕಪ್ಪು ತಂದರೆ ಟೀಮು ಇರುತ್ತದೆ, ಇಲ್ಲದಿದ್ದರೆ ಮುಚ್ಚುತ್ತೇನೆ ಎಂದರು. ಒಳ್ಳೆಯ ಮನುಷ್ಯ. ಬೇಜಾರಿನಿಂದಲೇ ಹೇಳಿದರು. ನಾನು ಆಯಿತು ಎಂದೆ.

ತರೀಕೆರೆಯಲ್ಲಿ ಶಾಮಿಯಾನದ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ಎಲ್ಲಿಂದಲೋ ಹಳೆಯ ಮ್ಯಾಟು ಹೊಂದಿಸಿ ಕಳಿಸಿದ. ಸಂಜೆ ಹಾಸಿ ಮನೆಗೆ ಹೋದೆವು. ಬೆಳಿಗ್ಗೆ ಮೈದಾನದ ಪಕ್ಕದ ಮನೆಯ ಅಜ್ಜಿ ಅದರ ಮೇಲೆ ಸಾಲಾಗಿ ಪಂಚೆ ಹರಡಿ ಸಂಡಿಗೆ ಇಟ್ಟಿದ್ದರು. ಕೇಳಿದರೆ, "ಇಷ್ಟು ಚೊಕ್ಕಟವಾಗೈತೆ, ಸುಮ್ನೆ ಬಿದ್ದಿತ್ತಲ್ಲ ಮೇಷ್ಟ್ರೇ" ಎಂದರು. ಒಣಗುವವರೆಗೆ ಎತ್ತುವ ಹಾಗಿಲ್ಲವಂತೆ.

ಪಂದ್ಯ ಹತ್ತಿರವಿತ್ತು. ಪಂಚೆಗಳ ಸಂದಿಯಲ್ಲೇ ಆಡಿ ಎಂದು ಹುಡುಗಿಯರಿಗೆ ಹೇಳಿದೆ. ಅಜ್ಜಿ ಕೋಲು ಹಿಡಿದು ಗೆರೆಯ ಮೇಲೆ ಕೂತರು. ಒಂದು ಸಂಡಿಗೆಯೂ ಮುರಿಯಲಿಲ್ಲ. ವಾರದೊಳಗೆ ಎಲ್ಲರ ಕಾಲೂ ಹಗುರಾದವು. ನಾನು ವರ್ಷಗಟ್ಟಲೆ ಕಿರುಚಿದರೂ ಆಗದ ಕೆಲಸ.

ಸಂಡಿಗೆ ಒಣಗಿತು. ಹಪ್ಪಳ ಯಾವಾಗ ಮಾಡುತ್ತೀರಿ ಎಂದು ನಾನೇ ಹೋಗಿ ಕೇಳಿದೆ.

ಬೆನ್ನಿನ ಮೇಲಿನ ನಂಬರು

ಬನಿಯನ್ನು ಬೇಕಿತ್ತು. ಅಜ್ಜಂಪುರದಲ್ಲಿ ಬೋರ್‌ವೆಲ್ ಲಾರಿ ಇಟ್ಟಿರುವ ಒಬ್ಬರು ಕೊಡಿಸಲು ಒಪ್ಪಿದರು. ಬೆನ್ನಿನ ಮೇಲೆ ತಮ್ಮ ಹೆಸರು ಇರಬೇಕು ಎಂದರು. ಇರಲಿ ಎಂದೆ.

ಬನಿಯನ್ನು ಬಂದಿದ್ದು ವಲಯದ ಪಂದ್ಯದ ಮೊದಲ ದಿನವೇ. ಬೆನ್ನಿನ ಮೇಲೆ ಅವರ ಹೆಸರು, ಕೆಳಗೆ ಲಾರಿಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಫೋನ್ ನಂಬರು. ಆಟಗಾರ್ತಿಯ ನಂಬರಿಗೆ ಜಾಗವೇ ಇಲ್ಲ.

ರೆಫರಿ ಬಂದು, ನಂಬರಿಲ್ಲದೆ ಆಡಿಸುವುದಿಲ್ಲ ಎಂದ. ನಮ್ಮ ನಾಯಕಿ ಬೆನ್ನು ತಿರುಗಿಸಿ ತೋರಿಸಿದಳು. ಅವಳು ಚೌಳಹಿರಿಯೂರಿನ ಹುಡುಗಿ, ಮಾತು ಜೋರು.

"ಎಲ್ಲಾರ್ದೂ ಒಂದೇ ನಂಬರ್ ಐತಲ್ಲಮ್ಮ" ಎಂದ ರೆಫರಿ.

"ಯಾರಿಗೆ ಫೋನ್ ಮಾಡಿದ್ರೂ ಒಬ್ರೇ ಎತ್ತೋದು ಸಾರ್" ಎಂದಳು.

ಕೊನೆಗೆ ಔಷಧಿ ಡಬ್ಬಿಯ ಪ್ಲಾಸ್ಟರು ಹರಿದು ಲಾರಿಯ ಚಿತ್ರದ ಮೇಲೆ ನಂಬರು ಅಂಟಿಸಿದೆವು. ಪ್ಲಾಸ್ಟರು ಖಾಲಿಯಾಯಿತು. ಇನ್ನು ಯಾರೂ ಗಾಯ ಮಾಡಿಕೊಳ್ಳಬೇಡಿ ಎಂದೆ. ಮಾಡಿಕೊಳ್ಳಲಿಲ್ಲ. ಗೆದ್ದರು.

ಸಂಜೆ ಬೋರ್‌ವೆಲ್‌ನವರು ಫೋನ್ ಮಾಡಿ, ಇನ್ನೊಂದು ಜೊತೆ ಬನಿಯನ್ನು ಕೊಡಿಸುತ್ತೇನೆ ಎಂದರು. ರೆಫರಿಯ ತೋಟಕ್ಕೆ ಬೋರು ಬೇಕಿತ್ತಂತೆ.

ಗೆದ್ದ ತಪ್ಪಿಗೆ

ವಲಯದ ಪಂದ್ಯ ತರೀಕೆರೆಯಲ್ಲಿ. ಆಫೀಸಿನ ಸೂಪರಿಂಟೆಂಡೆಂಟರು ಒಂದೇ ದಿನದ ಭತ್ಯೆ ಕೊಟ್ಟಿದ್ದರು. ಯಾವ ವರ್ಷವೂ ನಾವು ಎರಡನೇ ದಿನ ಉಳಿದವರಲ್ಲ. ಗೆದ್ದ ದಿನ ಸಂಜೆ ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಗೆದ್ಬಿಟ್ರಾ?" ಎಂದರು. ಸಾವಿನ ಸುದ್ದಿ ಕೇಳಿದ ದನಿ.

ಸೆಮಿಫೈನಲ್ ಮರುದಿನ ಎಂದೆ. "ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ ಸಾರ್" ಎಂದು ಫೋನ್ ಇಟ್ಟರು.

ಶಾಮಿಯಾನದ ಹುಡುಗ ಮತ್ತೆ ಕೈಹಿಡಿದ. ಒಂದು ಛತ್ರದ ಮೇಲಿನ ಕೋಣೆ ಬಿಡಿಸಿಕೊಟ್ಟ. ಕೆಳಗೆ ಮದುವೆ. ಊಟಕ್ಕೂ ಹೇಳಿದ್ದೇನೆ, ಹೋಗಿ ಕೂರಿ ಎಂದ. ಯಾರಿಗೆ ಹೇಳಿದ್ದನೋ, ಬಡಿಸುವವರಿಗಂತೂ ಗೊತ್ತಿರಲಿಲ್ಲ. ಹುಡುಗಿಯರು ಬೋರ್‌ವೆಲ್ ಬನಿಯನ್ನಿನಲ್ಲೇ ಪಂಕ್ತಿಗೆ ಕೂತರು. ಗಂಡಿನವರು ಹೆಣ್ಣಿನ ಕಡೆಯವರೆಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವರೆಂದುಕೊಂಡರು. ಉಪಚಾರ ಎರಡು ಪಟ್ಟು ಆಯಿತು.

ಹೋಳಿಗೆ ಮೂರನೇ ಸುತ್ತಿಗೆ ಬಂದಾಗ ಪೇಟ ಕಟ್ಟಿದ ಹಿರಿಯರೊಬ್ಬರಿಗೆ ಅನುಮಾನ ಬಂತು.

"ನೀವು ಯಾವ ಕಡೆಯೋರಮ್ಮಾ?"

"ಸೆಮಿಫೈನಲ್ ಕಡೆಯೋರು ಅಜ್ಜಾ" ಎಂದಳು ನಾಯಕಿ.

ಅವರು ಬಡಿಸುವವರ ಕಡೆ ತಿರುಗಿದರು. "ಹಂಗಾದ್ರೆ ತುಪ್ಪ ಬಿಡ್ರೋ" ಎಂದರು.

ಸೆಮಿಫೈನಲ್ ಗೆದ್ದೆವು. ಮಧ್ಯಾಹ್ನದ ಫೈನಲ್ ಒಂದು ಪಾಯಿಂಟಿನಲ್ಲಿ ಸೋತೆವು. ಕಪ್ಪಿಲ್ಲ ಅಂದರೆ ಟೀಮಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕಾಯಿ

ಆಯುಧಪೂಜೆ ಬಂತು. ಮ್ಯಾಟಿಗೆ ಪೂಜೆ ಮಾಡಿ, ಸುತ್ತಿ ಒಳಗಿಡುವುದು ಎಂದಾಯಿತು. ಇದೇ ಕೊನೆ ಎಂದು ಪ್ರಿನ್ಸಿಪಾಲರು ನನಗೆ ಮೆಲ್ಲಗೆ ಹೇಳಿದರು.

ಫೈನಲ್ ತನಕ ಹೋಗಿದ್ದಾರೆಂದು ಹುಡುಗಿಯರ ಮನೆಯವರು ಬಂದಿದ್ದರು. ಕಾಯಿ ಒಡೆದೆ. ನಾಯಕಿಯ ಅಜ್ಜ, ಚೌಳಹಿರಿಯೂರಿನವರು, ಎದ್ದು ನಿಂತು, ಪೂಜೆಯ ಕಾಯಿ ಸುಮ್ಮನೆ ಹಂಚಬಾರದು, ಊರಿನ ದೇವಸ್ಥಾನದಲ್ಲಿ ಮಾಡುವ ಹಾಗೆ ಸವಾಲಿಗಿಡಿ, ಹೆಚ್ಚು ಕೂಗಿದವರಿಗೆ ಕಾಯಿ, ಬಂದದ್ದು ಟೀಮಿಗೆ ಎಂದರು. ತಾವೇ ಮೊದಲು ಕೂಗಿದರು. ಹಿರೇನಲ್ಲೂರಿನ ಅಜ್ಜ ಒಬ್ಬರು ಅದಕ್ಕಿಂತ ಮೇಲೆ ಕೂಗಿದರು. ಅವರ ಮೊಮ್ಮಗಳೂ ಟೀಮಿನಲ್ಲಿದ್ದಳು.

"ಪಾಯಿಂಟ್ ತಂದಿದ್ದು ನಮ್ಮುಡ್ಗಿ" ಎಂದರು ಹಿರೇನಲ್ಲೂರಿನವರು.

"ತಂದಿದ್ರೆ ಯಾಕಪ್ಪಾ ಸೋಲ್ತಿದ್ವಿ?" ಎಂದರು ಚೌಳಹಿರಿಯೂರಿನವರು.

ಅಲ್ಲಿಂದ ಕಾಯಿ ಮರೆತೇ ಹೋಯಿತು. ಊರಿಗೂ ಊರಿಗೂ ಬಿತ್ತು. ಸವಾಲು ಏರಿ ಏರಿ, ಒಂದು ವರ್ಷ ಟೀಮು ನಡೆಸುವಷ್ಟಾಯಿತು. ಕೊನೆಗೆ ಚೌಳಹಿರಿಯೂರಿನ ಅಜ್ಜನಿಗೆ ನಿಂತಿತು. ಅವರು ಕಾಯಿ ಹೋಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೊರಟರು.

ಪ್ರಿನ್ಸಿಪಾಲರು ಮಂಗಳೂರಿನ ಕಡೆಯವರು. ರಸೀದಿ ಪುಸ್ತಕ ಹಿಡಿದು ಹಿಂದೆಯೇ ಓಡಿದರು.

"ಅಜ್ಜ, ದುಡ್ಡು?"

"ಮುಂದಿನ್ ವರ್ಷದ ಪೂಜೇಲಿ ಕೊಡೋದು. ಸವಾಲ್ ಕೂಗಿದ್ದಕ್ಕೆ ನಮ್ಮಲ್ಲಿ ಪದ್ಧತಿ ಅದೇ ಸ್ವಾಮಿ."

"ಮುಂದಿನ ವರ್ಷ ಟೀಮೇ ಇರುವುದಿಲ್ಲವಲ್ಲ."

"ಟೀಮಿಲ್ದಿದ್ರೆ ಪೂಜೆ ಎಲ್ಲಿ? ಪೂಜೆ ಇಲ್ದಿದ್ರೆ ದುಡ್ಡೆಲ್ಲಿ?"

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಪದ್ಧತಿ ಹೌದು ಎಂದೆ.

ಅಷ್ಟು ದುಡ್ಡು ಮುಳುಗಿಸಲು ಅವರಿಗೆ ಮನಸ್ಸು ಬರಲಿಲ್ಲ. ಆ ಒಂದು ವರ್ಷ ಎಲ್ಲೆಲ್ಲಿಂದಲೋ ಹೊಂದಿಸಿ ಟೀಮು ನಡೆಸಿದರು. ಭತ್ಯೆ ಎರಡು ದಿನದ್ದು ಕೊಡಿಸಿದರು.

ಮುಂದಿನ ಪೂಜೆಗೆ ಅಜ್ಜ ಬಂದರು. ದುಡ್ಡು ಎಣಿಸಿ ಕೊಟ್ಟರು. ಆ ದಿನದ ಕಾಯಿಯನ್ನು ಪ್ರಿನ್ಸಿಪಾಲರೇ ಕೂಗಿಕೊಂಡರು. ಅವರಿಗೆ ಈಗ ವರ್ಗವಾಗಿದೆ. ಅವರು ಕೂಗಿದ ದುಡ್ಡು ಇನ್ನೂ ಬರಬೇಕು. ಟೀಮು ಇದೆ.